ಬಿಗಿಹಿಡಿದ ಉಸಿರು

"ಮಗು ಹಾಸಿಗೆಗೂ ಇದನ್ನ ಹೊಡೀಬಹುದಾ, ಅಕ್ಕಾ?" ಹಸುಗೂಸನ್ನು ಹೆಗಲಿಗೆ ಒರಗಿಸಿಕೊಂಡ ತಾಯಿ ಕೇಳಿದಾಗ, ಅಂಗಡಿಯಲ್ಲಿ ಕ್ರಿಮಿನಾಶಕ ಸ್ಪ್ರೇ ಮಾರುವವಳ ಬೆನ್ನ ಹಿಂದೆಯೇ ಮೇಲ್ವಿಚಾರಕ ನಿಂತಿದ್ದ. ಇನ್ನೊಬ್ಬ ಗಿರಾಕಿ ಕೈತಪ್ಪಿದರೆ ಕೆಲಸದಿಂದ ಕಿತ್ತೊಗೆಯುವುದಾಗಿ ಬೆಳಿಗ್ಗೆಯೇ ಗದರಿಸಿದ್ದ.

"ಧಾರಾಳವಾಗಿ ಹೊಡಿಯಮ್ಮ. ಕಣ್ಣಿಗೂ ಕಾಣದ ನ್ಯಾನೊ ಬೆಳ್ಳಿ ಕಣ, ಕ್ರಿಮಿ ಮಾತ್ರ ಸಾಯುತ್ತೆ," ಎಂದು ಬಾಯಿಪಾಠ ಒಪ್ಪಿಸಿ ಅವಳು ಮೇಜಿನ ಮೇಲಿದ್ದ ದಿಂಬಿಗೆ ಸ್ಪ್ರೇ ಹೊಡೆದಳು. ಆ ಕಣ ಉಸಿರಿನ ಜೊತೆ ಎದೆಗಿಳಿದರೆ ಏನಾಗುತ್ತದೆಂದು ಅವಳು ಹಿಂದೊಮ್ಮೆ ಕೇಳಿದಾಗ, "ಮಾರೋದಷ್ಟೇ ನಿನ್ನ ಕೆಲಸ" ಎಂದು ಕಂಪನಿಯವರು ಬಾಯಿ ಮುಚ್ಚಿಸಿದ್ದರು.

"ಹೊಡೆಯೋವಾಗ ನೀವ್ಯಾಕೆ ಉಸಿರು ಬಿಗಿಹಿಡಿದ್ರಿ?" ಎಂದಳು ತಾಯಿ.

ಎರಡು ವರ್ಷದ ಅಭ್ಯಾಸವದು, ಮಾರುವವಳಿಗೇ ತಿಳಿದಿರಲಿಲ್ಲ. ಹಿಂದಿನಿಂದ ಮೇಲ್ವಿಚಾರಕ ಗಂಟಲು ಸರಿಪಡಿಸಿಕೊಂಡ. ಅವಳು ತಿರುಗಿ ಡಬ್ಬಿಯನ್ನು ಅವನ ಕೈಗೇ ತುರುಕಿದಳು.

"ಈ ಸಲ ನೀವು ಹೊಡೆದು ತೋರಿಸಿ, ಸರ್. ಉಸಿರಾಡ್ತಾ."