ಎರಡು ಬಸ್ಸಿನಷ್ಟು ಜಾಗ

ಚಾಲಕರಿಲ್ಲದ ಗಾಡಿಗಳಷ್ಟೇ ಓಡುವ ಆ ಹೆದ್ದಾರಿಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಡುವೆ ಎರಡು ಬಸ್ಸು ಹಿಡಿಸುವಷ್ಟು ಜಾಗ ಸದಾ ಇರುತ್ತಿತ್ತು. ಅದನ್ನು ನಂಬಿಯೇ ವಯಸ್ಸಾದ ಅಕ್ಕತಂಗಿಯರಿಬ್ಬರೂ ಕಾರು ಹತ್ತಿದ್ದರು. ಈಗ ನೋಡಿದರೆ ಮುಂದಿನ ಲಾರಿಯ ಹಿಂಭಾಗವೇ ಗಾಜಿನ ತುಂಬ ಕಾಣುತ್ತಿತ್ತು.

"ಅಕ್ಕಾ, ಜಾಗ ಕಡಿಮೆ ಆಗ್ತಿದೆ ಕಣೇ!"

ಅಕ್ಕ ಸಹಾಯದ ಗುಂಡಿ ಒತ್ತಿದಳು. ನಿಯಂತ್ರಣ ಕೊಠಡಿಯಿಂದ ಒಬ್ಬ ಹುಡುಗಿಯ ಶಾಂತವಾದ ದನಿ ಬಂತು.

"ಹೇಳಿ ಅಜ್ಜಿ."

"ಆ ಲಾರೀನ ದೂರ ಕಳಿಸಮ್ಮ, ಮೈಮೇಲೇ ಬರ್ತಿದೆ!"

"ನೋಡ್ತಾ ಇದ್ದೀನಿ ಅಜ್ಜಿ. ಬೆಲ್ಟ್ ಹಾಕ್ಕೊಂಡಿದ್ದೀರಲ್ಲ? ಬೆಳಿಗ್ಗೆ ತಿಂಡಿಗೆ ಏನು ಮಾಡಿದ್ರಿ?"

"ಉಪ್ಪಿಟ್ಟು... ಅಯ್ಯೋ, ಮೊದಲು ಲಾರಿ ನೋಡಮ್ಮ!"

"ಉಪ್ಪಿಟ್ಟಿಗೆ ಬಟಾಣಿ ಹಾಕ್ತೀರಾ?"

"ನಾವಿಲ್ಲಿ ಸಾಯ್ತಿದ್ದೀವಿ, ಇವಳಿಗೆ ಬಟಾಣಿ ಚಿಂತೆ!" ಎಂದು ತಂಗಿ ಕಿರುಚಿದಳು.

ಲಾರಿ ಇನ್ನೂ ಹತ್ತಿರವಾಯಿತು. ಇಬ್ಬರೂ ಕೈ ಕೈ ಹಿಡಿದು ಕಣ್ಣು ಮುಚ್ಚಿದರು. ಕಾರಿನ ಮೂತಿ ಲಾರಿಗೆ ಮೆತ್ತಗೆ ತಾಗಿತು. ಆಮೇಲೆ ಎರಡೂ ಅಂಟಿಕೊಂಡಂತೆಯೇ ಸ್ವಲ್ಪ ದೂರ ಓಡಿ, ನಿಧಾನವಾಗುತ್ತ ಬಂದು, ರಸ್ತೆಯ ಅಂಚಿನಲ್ಲಿ ನಿಂತವು.

"ನಿನ್ನ ಮೇಲೆ ದೂರು ಕೊಡ್ತೀನಿ," ಎಂದಳು ಅಕ್ಕ, ಏದುಸಿರು ಬಿಡುತ್ತ. "ಅಷ್ಟು ಬೇಡಿಕೊಂಡ್ರೂ ಲಾರೀನ ಕಳಿಸಲಿಲ್ವಲ್ಲ ನೀನು!"

ಅತ್ತ ಕಡೆ ಹುಡುಗಿ ಬಿಕ್ಕುತ್ತಿದ್ದಳು.

"ಹೇಗೆ ಕಳಿಸಲಿ ಅಜ್ಜಿ? ನಿಮ್ಮ ಕಾರಿನ ಬ್ರೇಕ್ ಕೆಟ್ಟುಹೋಗಿತ್ತು. ನಿಮ್ಮನ್ನ ತಡೆದು ನಿಲ್ಲಿಸ್ಲಿ ಅಂತ ಆ ಲಾರೀನ ನಿಧಾನ ಮಾಡಿಸಿದ್ದು ನಾನೇ."