ಫೈಬರ್ ಗಾಡಿಯ ಚಾವಣಿ
ಫೈಬರ್ ಬೆಸೆಯುವ ಅಂಟು ರೆಸಿನ್‌ನ ವಾಸನೆ ಬಂದರೆ ಈಗಲೂ ನನಗೆ ಬಾಣಾವರದ ನಮ್ಮ ಬಾಡಿಗೆ ಮನೆಯ ಹಿತ್ತಲು ನೆನಪಾಗುತ್ತದೆ. ಪ್ರವಾಸಿಗರು ಒಳಗೇ ಮಲಗಿ ಊರೂರು ಸುತ್ತುವಂಥ ಹಳೆಯ ಫೈಬರ್ ಗಾಡಿಯೊಂದನ್ನು ಅಪ್ಪ ಅರಸೀಕೆರೆಯ ಗುಜರಿಯಲ್ಲಿ ಚೌಕಾಸಿ ಮಾಡಿ ಎಳೆಸಿಕೊಂಡು ಬಂದಿದ್ದರು.

"ಸ್ವಂತ ಮನೆ ಮಾಡ್ರೀ ಅಂದ್ರೆ ಚಕ್ರದ ಡಬ್ಬ ತಂದ್ರಲ್ಲಾ! ಸೋರೋ ಕಡೆ ನಾನಂತೂ ಇರಲ್ಲ," ಎಂದಳು ಅಮ್ಮ.

ಹಳೇ ಗಾಡಿ ಕೊಳ್ಳುವವರಿಗೆ ನನ್ನದೊಂದು ಮಾತು: ಬಣ್ಣ ನೋಡಬೇಡಿ, ಚಾವಣಿ ನೋಡಿ. ನಮ್ಮ ಗಾಡಿಯ ಚಾವಣಿ ಬಿರುಕು ಬಿಟ್ಟಿತ್ತು. ಅಪ್ಪ ಆ ಬಿರುಕನ್ನು ಉಜ್ಜಿ, ಗಾಜಿನ ನಾರಿನ ಬಟ್ಟೆ ಹಾಸಿ, ಮೇಲೆ ರೆಸಿನ್ ಬಳಿದು ಒಣಗಿಸಿದರು.

"ಒಳಗೆ ಕೂತು ನೋಡು. ಸೋರಿದ್ರೆ ನಾಳೆನೇ ಮಾರಿಬಿಡ್ತೀನಿ ಕಣೇ," ಎಂದು ಮರುದಿನ ಮಧ್ಯಾಹ್ನ ಚಾವಣಿಯ ಮೇಲೆ ಕೊಡಗಟ್ಟಲೆ ನೀರು ಸುರಿದರು.

ಅಮ್ಮ ಒಳಗೆ ತೇಪೆಯ ಕೆಳಗೆ ಅಂಗೈ ಒಡ್ಡಿ ಕೂತಿದ್ದಳು. ಒಂದು ಹನಿಯೂ ಬೀಳಲಿಲ್ಲ. ಗೆದ್ದವರಂತೆ ಅಪ್ಪ ಬಾಗಿಲಿಗೆ ಬಂದರು.

"ಅಲ್ಲೇ ನಿಲ್ರೀ," ಎಂದಳು ಅಮ್ಮ. "ಚಪ್ಪಲಿ ಹೊರಗೆ ಬಿಟ್ಟು ಬನ್ನಿ."