ಮುಟ್ಟದ ಗೆರೆ

ಶೈಲೇಶನಿಗೆ ಆ ಸಾಫ್ಟ್‌ವೇರಿನ ತರಬೇತಿ ಇರಲಿಲ್ಲ. ದಮ್ಮಾಮಿನ ಗೋದಾಮಿನ ಕೆಲಸವನ್ನು ಪರದೆಯ ಮೇಲೆ ಚಲಿಸುವ ಚಿತ್ರವಾಗಿ ಕಟ್ಟಿ, ಯಾವ ಬಾಗಿಲಿಗೆ ಎಷ್ಟು ಜನ ಬೇಕೆಂದು ತೋರಿಸು ಎಂದಿದ್ದರು ಮ್ಯಾನೇಜರ್. ಲಾರಿ, ಬಾಗಿಲು, ಕೆಲಸಗಾರರು ಎಂದು ಒಂದೊಂದೇ ಚೌಕ ತಂದಿಟ್ಟು, ಗೆರೆ ಎಳೆದು ಜೋಡಿಸಿ, ಮೊನ್ನೆಯೇ ವರದಿ ಕಳಿಸಿದ್ದ.

ಇವತ್ತು ಫೋರ್ಕ್‌ಲಿಫ್ಟ್ ಓಡಿಸುವ ಇಮ್ತಿಯಾಜ್ ಮ್ಯಾನೇಜರ್ ಕೊಟ್ಟ ಲಕೋಟೆ ಹಿಡಿದು ಬಂದವನು ಪರದೆಗೆ ಬಗ್ಗಿದ. "ಎಂತ ಮಾರಾಯ, ಮೂರನೇ ಬಾಗಿಲಿನ ನಾವು ಮೂವರು ಸುಮ್ಮನೆ ನಿಂತಿದ್ದೇವಲ್ಲ? ಇಷ್ಟು ಆರಾಮ ನನಗೆ ನನ್ನ ಮದುವೆಯ ದಿನವೂ ಸಿಗಲಿಲ್ಲ."

ಶೈಲೇಶನಿಗೆ ತಲೆಬುಡ ಅರ್ಥವಾಗಲಿಲ್ಲ. ಚೌಕವಿತ್ತು, ಗೆರೆಯೂ ಇತ್ತು. ಆದರೂ ಲಾರಿಗಳೆಲ್ಲ ಮೊದಲೆರಡು ಬಾಗಿಲಿಗೇ ಹೋಗುತ್ತಿದ್ದವು. ಚಿತ್ರವನ್ನು ಎರಡು ಸಲ ಮೊದಲಿಂದ ಓಡಿಸಿದ; ಮೂವರೂ ಅಲುಗಲಿಲ್ಲ. ಚಿತ್ರ ಹಿಗ್ಗಿಸಿದಾಗ ಕಂಡಿತು: ಗೆರೆಯ ತುದಿ ಮೂರನೇ ಬಾಗಿಲಿನ ಚೌಕವನ್ನು ಮುಟ್ಟಿರಲಿಲ್ಲ, ಕೂದಲೆಳೆಯಷ್ಟು ಸಂದು ಉಳಿದಿತ್ತು. ಎಳೆದು ತಾಗಿಸಿದ. ತುದಿ ಹಸಿರಾಯಿತು. ಮೂರು ಪುಟ್ಟ ಮನುಷ್ಯರು ಬಿಡುವಿಲ್ಲದೆ ಓಡಾಡತೊಡಗಿದರು.

"ಹಾಂ, ಈಗ ನಾವೇ," ಎಂದು ನಕ್ಕು ಇಮ್ತಿಯಾಜ್ ಲಕೋಟೆಯನ್ನು ಮೇಜಿನ ಮೇಲಿಟ್ಟ. ಶೈಲೇಶ ಅದನ್ನು ಒಡೆದ. ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ನವೀಕರಿಸದೆ ಊರಿಗೆ ಕಳಿಸುವವರ ಪಟ್ಟಿ. ಕೆಳಗೆ ವೀಸಾ ಕೊಟ್ಟ ಮಾಲೀಕ ಕಫೀಲನ ಮೊಹರು ಬಿದ್ದಾಗಿತ್ತು. ಇಮ್ತಿಯಾಜನದೂ ಸೇರಿ ಮೂರನೇ ಬಾಗಿಲಿನ ಮೂರು ಹೆಸರು.